ಎರಡರಲ್ಲಿ ಏಳು ಯಾಕೆ ಹೋಗಲ್ಲ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೂಡುವ, ಕಳೆಯುವ ಲೆಕ್ಕದ್ದೇ. ಮಕ್ಕಳ ಮೊದಲ ಕಿರುಪರೀಕ್ಷೆಯ ಪೇಪರ್ ಮನೆಗೆ ಬಂದಿರಬೇಕು ಅಂತ ಕಾಣುತ್ತದೆ! ನಾನು ಹುಣಸೂರು ಕಡೆಯ ಹಳ್ಳಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಗೆ ಪಾಠ ಮಾಡಿ ನಿವೃತ್ತಳಾದವಳು. ಹೈಸ್ಕೂಲಿನ ಬೀಜಗಣಿತ ಕೇಳಿದವರು ದಯವಿಟ್ಟು ಬೇರೆ ಯಾರನ್ನಾದರೂ ಹಿಡಿಯಿರಿ.

ಪ್ರಶ್ನೆ: ಮಗ ಯುಕೆಜಿ. ನೂರರವರೆಗೆ ಒಂದೂ ತಪ್ಪಿಲ್ಲದೆ ಹೇಳುತ್ತಾನೆ. ಆದರೆ ಮೂರಕ್ಕೆ ಎರಡು ಕೂಡಿದರೆ ಎಷ್ಟು ಅಂದರೆ ಸುಮ್ಮನೆ ನನ್ನ ಮುಖ ನೋಡುತ್ತಾನೆ. ಬಾಯಿಪಾಠ ಇನ್ನೂ ಜಾಸ್ತಿ ಮಾಡಿಸಬೇಕಾ?
— ತಾಯಿ, ದಾವಣಗೆರೆ

ಬೇಡ. ಬಾಯಿಪಾಠ ಅವನಿಗೆ ಚೆನ್ನಾಗೇ ಬಂದಿದೆ. ಹೇಳುವುದು ಬೇರೆ, ಎಣಿಸುವುದು ಬೇರೆ.

ಒಂದು ತಟ್ಟೆಯಲ್ಲಿ ಹುಣಸೆ ಬೀಜ ಹಾಕಿ "ಏಳು ಬೀಜ ಕೊಡು ಪುಟ್ಟ" ಅನ್ನಿ. ಎಣಿಸು ಅನ್ನಬೇಡಿ, ಕೊಡು ಅನ್ನಿ. ಕೆಲವು ಮಕ್ಕಳು ಮುಷ್ಟಿ ತುಂಬ ಬಾಚಿ ಕೊಡುತ್ತಾರೆ. ಕೆಲವರು ಬಾಯಲ್ಲಿ ಏಳು ಅನ್ನುವಷ್ಟರಲ್ಲಿ ಕೈಯಲ್ಲಿ ಐದೇ ಬೀಜ ಎತ್ತಿರುತ್ತಾರೆ. ಕೆಲವರು ಸರಿಯಾಗಿ ಏಳು ಕೊಡುತ್ತಾರೆ, ಆದರೆ "ಈಗ ಎಷ್ಟು ಕೊಟ್ಟೆ?" ಅಂದ ಕೂಡಲೇ ಮತ್ತೆ ಒಂದು, ಎರಡು ಅಂತ ಶುರು ಮಾಡುತ್ತಾರೆ. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಇವರಿಗೆ ಇನ್ನೂ ಗಟ್ಟಿಯಾಗಿಲ್ಲ. ಅದು ಗಟ್ಟಿಯಾಗುವ ಮೊದಲು ಮೂರಕ್ಕೆ ಎರಡು ಕೂಡು ಅಂದರೆ ಮಗು ಮುಖ ನೋಡದೆ ಇನ್ನೇನು ಮಾಡೀತು?

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ಮಾಡಿದ ಪರೀಕ್ಷೆಯನ್ನೂ ಮಾಡಿ ನೋಡಬಹುದು. ಎರಡು ಸಾಲಿನಲ್ಲಿ ಆರಾರು ಬೀಜ ಎದುರುಬದುರು ಜೋಡಿಸಿ. ಆಮೇಲೆ ಅವನ ಕಣ್ಣೆದುರೇ ಒಂದು ಸಾಲನ್ನು ಅಗಲಿಸಿ ಉದ್ದ ಮಾಡಿ. ಯಾವುದರಲ್ಲಿ ಜಾಸ್ತಿ ಇದೆ ಅಂತ ಕೇಳಿ. ನಾಲ್ಕೈದು ವರ್ಷದ ಬಹಳ ಮಕ್ಕಳು ಉದ್ದ ಸಾಲನ್ನೇ ತೋರಿಸುತ್ತಾರೆ. ನಿಮ್ಮ ಮಗನೂ ಹಾಗೆ ತೋರಿಸಿದರೆ ಗಾಬರಿ ಬೇಡ, ಆ ವಯಸ್ಸೇ ಹಾಗೆ.

ಆಡಿಸಬೇಕಾದ ಆಟ ಇದು. ಐದು ಬೀಜ ತೋರಿಸಿ. ಅವನು ಕಣ್ಣು ಮುಚ್ಚಲಿ. ಕೆಲವನ್ನು ಲೋಟದ ಕೆಳಗೆ ಮುಚ್ಚಿಡಿ. "ಎರಡು ಹೊರಗಿದೆ, ಒಳಗೆ ಎಷ್ಟು?" ಹೇಳಿದ ಮೇಲೆ ಅವನೇ ಲೋಟ ಎತ್ತಿ ನೋಡಲಿ. ಐದರಲ್ಲಿ ಸಲೀಸಾದರೆ ಆರು, ಏಳು, ಹೀಗೆ ಹತ್ತರವರೆಗೆ ಹೋಗಿ. ಕೂಡುವುದು, ಕಳೆಯುವುದು ಎರಡೂ ಇದರೊಳಗೇ ಇದೆ. ಪ್ಲಸ್ಸು ಮೈನಸ್ಸು ಚಿಹ್ನೆ ಇನ್ನೂ ಕೆಲವು ತಿಂಗಳು ಬರದಿದ್ದರೂ ನಷ್ಟವಿಲ್ಲ. (ಬೀಜವನ್ನು ಮೂಗಿಗೆ ತುರುಕಿಕೊಳ್ಳುವ ಮಕ್ಕಳಿರುತ್ತವೆ. ಅಂಥ ಮನೆಯಲ್ಲಿ ಬಾಟಲಿ ಮುಚ್ಚಳ ಬಳಸಿ.)

ಮನೆಯಲ್ಲಿ ಅಜ್ಜಿ ಇದ್ದರೆ ಚೌಕಾಬಾರ ಶುರು ಮಾಡಿಸಿ. ಮೂರು ಕವಡೆ ಮೇಲ್ಮುಖವಾಗಿ ಬಿದ್ದದ್ದು ಎಣಿಸದೆ ಕಣ್ಣಿಗೇ ತಿಳಿಯಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು ಮನೆ. "ಕಾಯಿ ಹಣ್ಣಾಗೋಕೆ ಇನ್ನೆಷ್ಟು ಬೀಳಬೇಕು?" ಅಂತ ಮಗು ಲೆಕ್ಕ ಹಾಕುತ್ತದಲ್ಲ, ಅದು ಶುದ್ಧ ಕಳೆಯುವ ಲೆಕ್ಕ. ಅಜ್ಜಿಯ ಕಾಯಿ ಕಡಿಯುವ ಆಸೆಯಿಂದ ಮಾಡಿದ ಲೆಕ್ಕ ಬೇಗ ಮರೆಯುವುದಿಲ್ಲ.

ಪ್ರಶ್ನೆ: ಎರಡನೇ ತರಗತಿಯ ಮೊಮ್ಮಗ ಈಗಲೂ ಬೆರಳು ಮಡಚಿ ಎಣಿಸುತ್ತಾನೆ. ಶಾಲೆಯಲ್ಲಿ ಬೆರಳು ಬಳಸಬಾರದು ಅಂದಿದ್ದಾರಂತೆ. ಅದಕ್ಕೆ ಮೇಜಿನ ಕೆಳಗೆ ಕೈ ಇಟ್ಟುಕೊಂಡು ಎಣಿಸುತ್ತಾನೆ. ಬಿಡಿಸುವುದು ಹೇಗೆ?
— ಅಜ್ಜ, ತೀರ್ಥಹಳ್ಳಿ

ಬಿಡಿಸಬೇಡಿ, ಕೈ ಮೇಜಿನ ಮೇಲೆ ಬರಲಿ. ಯಜಮಾನರೇ, ಅಡಿಕೆ ಮೂಟೆ ಲೆಕ್ಕ ಹಾಕುವಾಗ ನಿಮ್ಮ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡುವುದಿಲ್ಲವಾ? ಒಂದು ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. ದೊಡ್ಡವರು ಮಾಡಿದರೆ ಅನುಭವ, ಮಕ್ಕಳು ಮಾಡಿದರೆ ದಡ್ಡತನ, ಇದ್ಯಾವ ನ್ಯಾಯ?

ಬೆರಳನ್ನು ಹೇಗೆ ಬಳಸುತ್ತಾನೆ ಅಂತ ಪಕ್ಕದಲ್ಲಿ ಕೂತು ನೋಡಿ. 3 + 8 ಕೊಡಿ. ಮೂರನ್ನೂ ಎಂಟನ್ನೂ ಒಂದೊಂದಾಗಿ ಬೆರಳು ಮಡಚಿ, ಬೆರಳು ಸಾಲದಾದಾಗ ಮತ್ತೆ ಮೊದಲ ಬೆರಳಿಗೆ ಬಂದು, ಎಲ್ಲವನ್ನೂ ಒಂದರಿಂದ ಎಣಿಸಿದರೆ ಅವನು ಮೊದಲ ಮೆಟ್ಟಿಲಲ್ಲಿದ್ದಾನೆ. ಮೂರನ್ನು ಮನಸ್ಸಿನಲ್ಲಿಟ್ಟು ನಾಲ್ಕು, ಐದು ಅಂತ ಮುಂದುವರಿದರೆ ಎರಡನೆಯದು. ಎಂಟನ್ನು ಮನಸ್ಸಿನಲ್ಲಿಟ್ಟು ಒಂಬತ್ತು, ಹತ್ತು, ಹನ್ನೊಂದು ಅಂದರೆ ಮೂರನೆಯದು. ದೊಡ್ಡದರಿಂದ ಶುರು ಮಾಡಿದರೆ ಕೆಲಸ ಕಮ್ಮಿ ಅಂತ ಅವನಿಗೇ ಹೊಳೆದಿದೆ ಅಂತ ಅರ್ಥ.

ಇನ್ನೂ ಒಂದರಿಂದಲೇ ಶುರು ಮಾಡುತ್ತಿದ್ದರೆ ಒಂದು ಡಬ್ಬಿಯಲ್ಲಿ ಎಂಟು ಅಡಿಕೆ ಹಾಕಿ ಮುಚ್ಚಳ ಬಿಗಿಮಾಡಿ, ಮೇಲೆ 8 ಅಂತ ಬರೆಯಿರಿ. ಮೂರು ಅಡಿಕೆ ಹೊರಗಿಡಿ. ಒಟ್ಟು ಎಷ್ಟು? ಡಬ್ಬಿ ತೆಗೆಯುವ ಹಾಗಿಲ್ಲ. ಆಗ ಎಂಟರಿಂದ ಮುಂದಕ್ಕೆ ಹೋಗದೆ ದಾರಿಯಿಲ್ಲ. ಬೆರಳು ಯಾವಾಗ ಬಿಡುತ್ತಾನೆ ಅನ್ನುವ ಚಿಂತೆ ನಿಮಗೆ ಬೇಡ, ಬೇಡವಾದಾಗ ಅವನೇ ಬಿಡುತ್ತಾನೆ.

ಪ್ರಶ್ನೆ: ಮಗಳು ಎರಡನೇ ತರಗತಿ. 52 − 27 ಕೊಟ್ಟರೆ 35 ಅನ್ನುತ್ತಾಳೆ. ಪ್ರತಿ ಸಲ ಇದೇ. "ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ" ಅಂತ ಎಷ್ಟು ಸಲ ಹೇಳಿಕೊಟ್ಟೆನೋ. ಈಗ ಎಲ್ಲದಕ್ಕೂ ಸಾಲ ತಗೊಳ್ಳುತ್ತಾಳೆ, 58 − 23ಕ್ಕೂ! ನನಗೆ ತಾಳ್ಮೆ ಉಳಿದಿಲ್ಲ ಮೇಡಂ.
— ತಾಯಿ, ಬೆಂಗಳೂರು

ನಿಮ್ಮ ಮಗಳು ಅಜಾಗರೂಕತೆಯಿಂದ ತಪ್ಪು ಮಾಡುತ್ತಿಲ್ಲ. ಒಂದು ನಿಯಮ ಕಟ್ಟಿಕೊಂಡಿದ್ದಾಳೆ, ಅದನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಾಳೆ. ಬಿಡಿ ಸ್ಥಾನದಲ್ಲಿ 2 ಮತ್ತು 7 ಇದೆ, ದೊಡ್ಡದರಿಂದ ಚಿಕ್ಕದು ಕಳೆದರೆ 5. ಹತ್ತರ ಸ್ಥಾನದಲ್ಲಿ 5 ಮತ್ತು 2, ಕಳೆದರೆ 3. ಉತ್ತರ 35. ಈ ನಿಯಮ ಕೊಟ್ಟವರು ನಾವೇ. ಒಂದನೇ ತರಗತಿಯಲ್ಲಿ "ಚಿಕ್ಕದರಿಂದ ದೊಡ್ಡದು ಕಳೆಯೋಕೆ ಬರಲ್ಲ" ಅಂತ ಹೇಳಿರುತ್ತೇವೆ. ಜೊತೆಗೆ ಕೂಡುವಾಗ ಹಿಂದುಮುಂದು ಮಾಡಿದರೂ ಉತ್ತರ ಬದಲಾಗುವುದಿಲ್ಲ ಅಂತ ಅವಳು ನೋಡಿದ್ದಾಳೆ. ಎರಡನ್ನೂ ಸೇರಿಸಿದರೆ 35 ಬಾರದೆ ಇನ್ನೇನು ಬರುತ್ತದೆ?

ಇದು ನಿಮ್ಮ ಮನೆಯೊಂದರ ಕಥೆಯೂ ಅಲ್ಲ. 2005ರಿಂದ ಹಳ್ಳಿ ಹಳ್ಳಿಗೆ ಹೋಗಿ ಮಕ್ಕಳನ್ನು ಮನೆಯಲ್ಲೇ ಪರೀಕ್ಷಿಸುವ ಅಸರ್ ಸಮೀಕ್ಷೆಯವರು ಲೆಕ್ಕದಲ್ಲಿ ಒಂದು ಮೆಟ್ಟಿಲಾಗಿ ಇಟ್ಟುಕೊಂಡಿರುವುದು ಇಂಥದೇ ಲೆಕ್ಕವನ್ನು: ಎರಡಂಕಿ, ಸಾಲ ತೆಗೆದು ಕಳೆಯುವುದು. ಅದಕ್ಕಿಂತ ಮೇಲಿನ ಮೆಟ್ಟಿಲು ಭಾಗಾಕಾರ.

ಇನ್ನು ಆ ಪಕ್ಕದ ಮನೆಯ ಸಾಲ. ನಮ್ಮ ಮೇಷ್ಟ್ರುಗಳೂ ಹಾಗೇ ಹೇಳುತ್ತಿದ್ದರು. ಕೇಳಿದ್ದು ಒಂದು, ಮನೆಗೆ ಬರುವಷ್ಟರಲ್ಲಿ ಅದು ಹತ್ತಾಗಿರುತ್ತದೆ, ವಾಪಸು ಕೊಡುವ ಮಾತೇ ಇಲ್ಲ! ಇಂಥ ಪಕ್ಕದ ಮನೆ ಯಾರಿಗೆ ಸಿಗುತ್ತದೆ ಹೇಳಿ. ಮಗುವಿಗೆ ಇದರಿಂದ ತಿಳಿಯುವುದು ಇಷ್ಟೇ: ಇಲ್ಲೇನೋ ಮಂತ್ರ ಇದೆ, ಅಮ್ಮ ಬೈದಾಗ ಅದನ್ನು ಹಾಕಬೇಕು. ಅದಕ್ಕೇ 58 − 23ಕ್ಕೂ ಹಾಕಿದ್ದಾಳೆ.

ಒಂದಷ್ಟು ದಿನ ಪುಸ್ತಕ ಮುಚ್ಚಿಡಿ. ತೆಂಗಿನ ಪೊರಕೆ ಕಡ್ಡಿಯನ್ನು ಬೆರಳುದ್ದ ಮುರಿದುಕೊಳ್ಳಿ. ಹತ್ತತ್ತು ಕಡ್ಡಿಗೆ ಅವಳೇ ರಬ್ಬರ್ ಬ್ಯಾಂಡ್ ಹಾಕಲಿ. ನೀವು ಕಟ್ಟಿ ಕೊಡಬೇಡಿ, ಎಣಿಸಿ ಕಟ್ಟುವುದರಲ್ಲೇ ಅರ್ಧ ಪಾಠ ಇದೆ. ಈಗ 52 ಇಡು ಅನ್ನಿ: ಐದು ಕಟ್ಟು, ಎರಡು ಬಿಡಿ ಕಡ್ಡಿ. "ನನಗೆ 27 ಕೊಡು." ಎರಡು ಕಟ್ಟು ಕೊಡುತ್ತಾಳೆ. ಏಳು ಬಿಡಿ ಬೇಕು, ಇರುವುದು ಎರಡು.

ಇಲ್ಲಿ ನೀವು ಬಾಯಿ ಮುಚ್ಚಿಕೊಂಡಿರಬೇಕು. ಇದೇ ಕಷ್ಟದ ಕೆಲಸ, ನನಗೆ ಗೊತ್ತು. ಸ್ವಲ್ಪ ಹೊತ್ತು ನೋಡಿ ಅವಳೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತಾಳೆ. ಬಿಚ್ಚಿದ ತಕ್ಷಣ ಕೇಳಿ: "ಈಗ ನಿನ್ನ ಹತ್ತಿರ ಕಡ್ಡಿ ಜಾಸ್ತಿ ಆಯ್ತಾ, ಕಡಿಮೆ ಆಯ್ತಾ, ಅಷ್ಟೇ ಇದೆಯಾ?" ಜಾಸ್ತಿ ಆಯ್ತು ಅನ್ನುವ ಮಕ್ಕಳು ಬಹಳ. ಕಣ್ಣಿಗೆ ಹಾಗೆ ಕಾಣುತ್ತದೆ. ನಾಲ್ಕು ಕಟ್ಟು, ಹನ್ನೆರಡು ಬಿಡಿ ಅಂದರೂ 52ಏ ಅನ್ನುವುದು ಒಪ್ಪಿಗೆಯಾಗುವವರೆಗೆ ಮುಂದೆ ಹೋಗಬೇಡಿ. ಅದು ಒಪ್ಪಿಗೆಯಾದ ದಿನ ಸಾಲದ ಕಥೆ ಬೇಕಾಗುವುದಿಲ್ಲ.

ಕೆಲವು ದಿನ ಹೀಗೆ ಆಡಿದ ಮೇಲೆ, ಅವಳು ಕಟ್ಟು ಬಿಚ್ಚುವಾಗ ಪಕ್ಕದಲ್ಲಿ ನೀವು ಬರೆಯಿರಿ. ಐದನ್ನು ಹೊಡೆದು ನಾಲ್ಕು, ಎರಡರ ಜಾಗದಲ್ಲಿ ಹನ್ನೆರಡು. ಅವಳ ಕೈ ಏನು ಮಾಡಿತೋ ಅದನ್ನೇ ಪೆನ್ಸಿಲ್ ಬರೆಯಿತು. ಆಮೇಲೆ ಅವಳು ಬರೆಯಲಿ, ನೀವು ಕಡ್ಡಿ ಬಿಚ್ಚಿ.

ಕಡ್ಡಿಯಾದ ಮೇಲೆ ಹತ್ತು ರೂಪಾಯಿ ನೋಟು, ಒಂದು ರೂಪಾಯಿ ನಾಣ್ಯ ತನ್ನಿ. ಮೊದಲೇ ದುಡ್ಡು ಬೇಡ. ಕಡ್ಡಿ ಕಟ್ಟು ಬಿಚ್ಚಿದರೆ ಒಳಗೆ ನಿಜಕ್ಕೂ ಹತ್ತು ಇರುತ್ತದೆ, ನೋಟನ್ನು ಹರಿದರೆ ಒಳಗೆ ನಾಣ್ಯ ಇರುವುದಿಲ್ಲವಲ್ಲ. ಅಲ್ಲಿ ನಂಬಿಕೆಯ ಮೇಲೆ ಚಿಲ್ಲರೆ. (ಈಗ ಎಲ್ಲ ಫೋನಲ್ಲೇ, ಮನೆಯಲ್ಲಿ ನಾಣ್ಯವೇ ಇಲ್ಲ ಅಂತೀರಾ? ದೇವರ ಹುಂಡಿ ತೆಗೆಯಿರಿ, ಎಣಿಸಿ ವಾಪಸು ಹಾಕಿದರಾಯಿತು.) ಇಲ್ಲೊಂದು ಮಜಾ ಇದೆ. 52 ರೂಪಾಯಿ ಇರುವ ಮಗುವನ್ನು 27 ಕೇಳಿದರೆ, ಕೆಲವರು ಮೂರು ನೋಟು ಕೊಟ್ಟು "ಮೂರು ರೂಪಾಯಿ ವಾಪಸ್ ಕೊಡಿ" ಅನ್ನುತ್ತಾರೆ. 52ರಲ್ಲಿ 30 ಹೋಯಿತು, 22. ಮೂರು ಬಂತು, 25. ಪುಸ್ತಕದಲ್ಲಿ ಹೀಗಿಲ್ಲ ಅಂತ ತಡೆಯಬೇಡಿ. ಅಂಗಡಿಯಲ್ಲಿ ನೀವು ಮಾಡುವುದೂ ಅದನ್ನೇ.

ಎಲ್ಲದಕ್ಕೂ ಸಾಲ ತೆಗೆಯುವ ಅಭ್ಯಾಸಕ್ಕೆ ಬೇರೆ ಮದ್ದು. ಒಂದು ಹಾಳೆಯಲ್ಲಿ ಹತ್ತು ಹನ್ನೆರಡು ಲೆಕ್ಕ ಬೆರಸಿ ಬರೆಯಿರಿ: 64 − 21, 64 − 28, 70 − 35, 79 − 35. ಉತ್ತರ ಬೇಡ. ಕಟ್ಟು ಬಿಚ್ಚಬೇಕಾದ್ದಕ್ಕೆ ಸುತ್ತು ಹಾಕು, ಅಷ್ಟೇ. ಉತ್ತರದ ಭಯ ಇಲ್ಲದಿದ್ದರೆ ಅವಳು ಅಂಕಿಗಳನ್ನು ನಿಜವಾಗಿ ನೋಡುತ್ತಾಳೆ.

ಮುಂದೆಂದಾದರೂ 35 ಅಂತ ಬಂದರೆ "ತಪ್ಪು" ಅನ್ನುವ ಬದಲು "35ಕ್ಕೆ 27 ಕೂಡಿಸು ನೋಡೋಣ" ಅನ್ನಿ. 62 ಬರುತ್ತದೆ. 52 ಎಲ್ಲಿ ಹೋಯಿತು ಅಂತ ಅವಳೇ ಹುಡುಕಲಿ.

ಮೂರನೇ ತರಗತಿಗೆ ಹೋದ ಮೇಲೆ 300 − 48 ಥರದ್ದು ಬಂದು ಇನ್ನೊಂದು ಸುತ್ತು ಅಳು ಶುರುವಾಗುತ್ತದೆ. ಮಧ್ಯದ ಸೊನ್ನೆಯಲ್ಲಿ ಬಿಚ್ಚಲು ಕಟ್ಟೇ ಇಲ್ಲ, ನೂರರ ಹತ್ತಿರ ಹೋಗಬೇಕು. ಆಗ ಇದನ್ನು ತೋರಿಸಿ: ಎರಡರಿಂದಲೂ ಒಂದೊಂದು ತೆಗೆದು 299 − 47 ಮಾಡಿದರೆ ಸಾಲವೇ ಬೇಡ, ನೇರ 252. ಯಾಕೆ ಸರಿ ಅಂತ ಕೇಳಿದರೆ, ಅವಳಿಗೂ ಅಣ್ಣನಿಗೂ ಎಷ್ಟು ವರ್ಷದ ಅಂತರ, ಹೋದ ವರ್ಷ ಎಷ್ಟಿತ್ತು ಅಂತ ಕೇಳಿ.

ಪ್ರಶ್ನೆ: ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ನಲಿಕಲಿ, ಮೂರು ತರಗತಿ ಒಟ್ಟಿಗೆ. ವಾಕ್ಯದ ಲೆಕ್ಕ ಕೊಟ್ಟರೆ ಓದುವುದಕ್ಕೂ ಮೊದಲೇ "ಟೀಚರ್, ಕೂಡಿಸೋದೋ ಕಳಿಯೋದೋ?" ಅಂತ ಕೇಳುತ್ತಾರೆ. "ಒಟ್ಟು ಅಂದರೆ ಕೂಡಿಸು, ಉಳಿದ ಅಂದರೆ ಕಳೆ" ಅಂತ ಚಾರ್ಟ್ ಮಾಡಿ ಗೋಡೆಗೆ ಹಚ್ಚಿದೆ. ಆದರೂ ತಪ್ಪುತ್ತಾರೆ.
— ಶಿಕ್ಷಕಿ, ರಾಯಚೂರು ಜಿಲ್ಲೆ

ಆ ಚಾರ್ಟನ್ನು ಇವತ್ತೇ ತೆಗೆಯಿರಮ್ಮ. "ಬಸ್ಸಲ್ಲಿ ಒಟ್ಟು 20 ಜನ, 12 ಜನ ಹೆಂಗಸರು, ಗಂಡಸರೆಷ್ಟು?" ಇಲ್ಲಿ 'ಒಟ್ಟು' ಇದೆ, ಕಳೆಯಬೇಕು. "ಗೌರಿ ಹತ್ತಿರ 8 ಬಳೆ ಇವೆ, ಅದು ಸೀತಾಗಿಂತ 3 ಜಾಸ್ತಿ, ಸೀತಾ ಹತ್ತಿರ ಎಷ್ಟು?" ಇಲ್ಲಿ 'ಜಾಸ್ತಿ' ಇದೆ, ಇದೂ ಕಳೆಯುವುದೇ. ಚಾರ್ಟ್ ನೋಡುವ ಮಗು ಪದ ಹುಡುಕುತ್ತದೆ, ಕಥೆ ಓದುವುದಿಲ್ಲ.

ಕಳೆಯುವ ಲೆಕ್ಕ ಕೂಡುವುದಕ್ಕಿಂತ ಕಷ್ಟ ಯಾಕೆ ಗೊತ್ತಾ? ಒಂದೇ ಚಿಹ್ನೆಯ ಕೆಳಗೆ ಮೂರು ಥರದ ಕಥೆಗಳಿವೆ. 9 − 4 ತಗೊಳ್ಳಿ. ಒಂಬತ್ತು ಕುರಿ ಇತ್ತು, ನಾಲ್ಕು ಮಾರಿದೆವು, ಎಷ್ಟು ಉಳಿಯಿತು? ಇದೊಂದು. ನಮ್ಮ ಮನೆಯಲ್ಲಿ ಒಂಬತ್ತು ಕುರಿ, ನಿಮ್ಮ ಮನೆಯಲ್ಲಿ ನಾಲ್ಕು, ನಮ್ಮದು ಎಷ್ಟು ಜಾಸ್ತಿ? ಇಲ್ಲಿ ಯಾವ ಕುರಿಯೂ ಎಲ್ಲೂ ಹೋಗಲಿಲ್ಲ. ಒಂಬತ್ತು ಕುರಿ ಹಟ್ಟಿಗೆ ಬರಬೇಕು, ನಾಲ್ಕು ಬಂದಿವೆ, ಇನ್ನೆಷ್ಟು ಬರಬೇಕು? ಇಲ್ಲಿ ಕುರಿ ಬರುತ್ತಲೇ ಇವೆ, ಆದರೂ ಕಳೆಯಬೇಕಂತೆ! ನಾವು ಮೊದಲನೆಯದನ್ನೇ ಕಲಿಸಿ, ಉಳಿದೆರಡನ್ನು ಪರೀಕ್ಷೆಯಲ್ಲಿ ಕೇಳುತ್ತೇವೆ. ಮೂರನ್ನೂ ಕಲ್ಲಿಟ್ಟು ಆಡಿಸಿ. ಎರಡನೆಯದಕ್ಕೆ ಎರಡು ಸಾಲು ಎದುರುಬದುರು ಬೇಕು, ಜೋಡಿ ಸಿಗದೆ ಉಳಿದ ಕಲ್ಲೇ ಉತ್ತರ.

ಅಂಕಿ ಇಲ್ಲದ ಕಥೆ ಹೇಳುವುದು ಇನ್ನೊಂದು ಉಪಾಯ. "ಅಪ್ಪನ ಹತ್ತಿರ ಒಂದಷ್ಟು ದುಡ್ಡಿತ್ತು, ಸಂತೆಯಲ್ಲಿ ಸ್ವಲ್ಪ ಖರ್ಚಾಯಿತು, ಅಲ್ಲೇ ಮಾವ ಸ್ವಲ್ಪ ಕೊಟ್ಟ." ಏನೇನಾಯಿತು ಅಂತ ಮಕ್ಕಳು ಮೊದಲು ಹೇಳಲಿ. ಅಂಕಿ ಕೈಗೆ ಸಿಕ್ಕಿಲ್ಲದ್ದರಿಂದ ಆತುರದಲ್ಲಿ ಕೂಡಿಸಲು ಏನೂ ಇರುವುದಿಲ್ಲ. ವಾರಕ್ಕೊಮ್ಮೆ ಒಂದು ತರಲೆ ಲೆಕ್ಕವನ್ನೂ ಕೊಡಿ: "20 ಕುರಿ, 5 ಮೇಕೆ, ಕುರಿ ಕಾಯುವವನ ವಯಸ್ಸೆಷ್ಟು?" ಶುರುವಿನಲ್ಲಿ 25 ಅಂತ ಧೈರ್ಯವಾಗಿ ಬರೆಯುತ್ತಾರೆ. ಯಾರಾದರೂ ಒಬ್ಬ ನಕ್ಕರೆ ನೀವು ಗೆದ್ದಿರಿ.

ಮೂರು ತರಗತಿ ಒಟ್ಟಿಗೆ ಇದೆ ಅಂತ ಬೇಸರಪಡಬೇಡಿ. ನಲಿಕಲಿ ಶುರುವಾದದ್ದು ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಕಾರ್ಡುಗಳ ಪದ್ಧತಿಯಿಂದ ಪ್ರೇರಣೆ ಪಡೆದು ಕಟ್ಟಿದ್ದು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ದೊಡ್ಡ ಮಕ್ಕಳು, ಚಿಕ್ಕ ಮಕ್ಕಳು ಒಂದೇ ಕೋಣೆಯಲ್ಲಿರುವುದು ಈ ಪಾಠಕ್ಕೆ ಅನುಕೂಲವೇ. ಮೂರನೇ ತರಗತಿಯವರಿಗೆ "9 − 4ಕ್ಕೆ ಕಥೆ ಮಾಡಿ, ಒಂದನೇ ತರಗತಿಯವರಿಗೆ ಕೇಳಿ" ಅನ್ನಿ. ಅವರು ತಮ್ಮ ಮನೆ ಮಾತಿನಲ್ಲೇ ಹೇಳಲಿ, ತಿದ್ದಬೇಡಿ. ಕಥೆ ಕಟ್ಟಲು ಬಂದವನಿಗೆ ಕೂಡಿಸೋದೋ ಕಳಿಯೋದೋ ಅಂತ ಕೇಳುವ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ಮಗಳ ಸಂಸಾರ ಅಮೆರಿಕದಲ್ಲಿದೆ. ಒಂದನೇ ತರಗತಿಯ ಮೊಮ್ಮಗಳು 14 − 8 ಮಾಡಲು "14ರಲ್ಲಿ 4 ಹೋದರೆ 10, ಆಮೇಲೆ ಇನ್ನೂ 4 ಹೋದರೆ 6" ಅಂತ ಸುತ್ತುಬಳಸಿ ಬರೆಯುತ್ತಾಳೆ. ವಿಡಿಯೋ ಕಾಲಿನಲ್ಲಿ ನಾನು ಒಂದರ ಕೆಳಗೊಂದು ಬರೆದು ತೋರಿಸಿದರೆ ಮಗಳು "ಅಮ್ಮ, ಅದು ಬೇಡ" ಅನ್ನುತ್ತಾಳೆ.
— ಅಜ್ಜಿ, ಮೈಸೂರು

ಮಗಳ ಮಾತು ಕೇಳಿ! ಅಲ್ಲಿನ ಬಹಳ ರಾಜ್ಯಗಳು 2010ರಲ್ಲಿ ಬಂದ ಕಾಮನ್ ಕೋರ್ ಅನ್ನುವ ಪಠ್ಯಮಟ್ಟವನ್ನು ಒಪ್ಪಿಕೊಂಡವು. ಅದರಲ್ಲಿ ಒಂದನೇ ತರಗತಿಗೆ ಹತ್ತನ್ನು ಮುಟ್ಟಿ ಹೋಗುವ ಈ ದಾರಿ ಇದೆ. ನಾವು ಬರೆಯುವ ಕೆಳಗೆ ಮೇಲೆ ವಿಧಾನ ಸಲೀಸಾಗಿ ಬರಬೇಕು ಅಂತ ಇರುವುದು ನಾಲ್ಕನೇ ತರಗತಿಯ ಹೊತ್ತಿಗೆ. ಸುತ್ತುಬಳಸು ಅಂತೀರಿ, ಆದರೆ 9ಕ್ಕೆ 6 ಸೇರಿಸುವಾಗ ನೀವೂ "ಅಲ್ಲಿಂದ ಒಂದು ಇಲ್ಲಿಗೆ, ಹತ್ತು, ಇನ್ನೈದು" ಅಂತಲೇ ಮಾಡುತ್ತೀರಿ ಅಲ್ವಾ? ಅವಳು ಅದನ್ನೇ ಕಾಗದದ ಮೇಲೆ ಬರೆಯುತ್ತಿದ್ದಾಳೆ.

ನಿಮಗೂ ಒಂದು ಕೆಲಸ ಇದೆ. ಕಾಲ್ ಮಾಡಿದಾಗ ಹತ್ತರ ಆಟ ಆಡಿ. ನೀವು ಏಳು ಅಂದರೆ ಅವಳು ಮೂರು ಅನ್ನಬೇಕು, ನೀವು ನಾಲ್ಕು ಅಂದರೆ ಆರು. ಕನ್ನಡದಲ್ಲೇ ಆಡಿ. ಲೆಕ್ಕವೂ ಆಯಿತು, ಕನ್ನಡವೂ ಆಯಿತು.

ಪ್ರಶ್ನೆ: 8 + 4 = ⬜ + 5 ಅಂತ ಹೋಂವರ್ಕ್. ಮಗ ಖಾಲಿ ಜಾಗದಲ್ಲಿ 12 ಬರೆದ. ಕೂಡಿದ್ದು ಸರಿ ಇದೆ, ಆದರೂ ತಪ್ಪು ಹಾಕಿದ್ದಾರೆ.
— ತಂದೆ, ಮಂಡ್ಯ

ತಪ್ಪು ಹಾಕಿದ್ದು ಸರಿ. ಉತ್ತರ 7. ನಾವು ಯಾವಾಗಲೂ 8 + 4 = ಅಂತ ಬರೆದು ಬಿಟ್ಟಿರುವುದರಿಂದ, ಸಮ ಚಿಹ್ನೆ ಅಂದರೆ "ಉತ್ತರ ಇಲ್ಲಿ ಬರಿ" ಅಂತ ಮಕ್ಕಳು ತಿಳಿದುಕೊಳ್ಳುತ್ತಾರೆ. ಅದು ತಕ್ಕಡಿ, ಎರಡು ಕಡೆಯೂ ತೂಕ ಒಂದೇ ಇರಬೇಕು. ಮನೆಯಲ್ಲಿ ಬರೆಸುವಾಗ 12 = 8 + 4 ಅಂತ ತಿರುಗಿಸಿಯೂ ಬರೆಯಿರಿ. 6 + 3 = 5 + 4 ಸರಿಯೋ ತಪ್ಪೋ ಅಂತ ಕೇಳಿ. ಬೇಗ ಹಿಡಿದುಕೊಳ್ಳುತ್ತಾನೆ.

ಪ್ರಶ್ನೆ: ಆರು ವರ್ಷದ ಮಗಳನ್ನು ಅಬ್ಯಾಕಸ್ ಕ್ಲಾಸಿಗೆ ಸೇರಿಸಿದ್ದೇವೆ. ಫೀಸ್ ಜಾಸ್ತಿ. ಮುಂದುವರಿಸುವುದು ಒಳ್ಳೆಯದಾ?
— ತಂದೆ, ಹುಬ್ಬಳ್ಳಿ

ಈ ಕ್ಲಾಸುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಸೊರೊಬಾನ್ ಅನ್ನುವ ಜಪಾನಿನ ಮಣಿಚೌಕಟ್ಟು. ಒಂದೊಂದು ಕಂಬಿಯಲ್ಲಿ ಮೇಲೆ ಒಂದು ಮಣಿ, ಅದರ ಬೆಲೆ ಐದು. ಕೆಳಗೆ ನಾಲ್ಕು ಮಣಿ, ಒಂದೊಂದರ ಬೆಲೆ ಒಂದು. ವೇಗ ಬರುತ್ತದೆ, ಅದರಲ್ಲಿ ಸುಳ್ಳಿಲ್ಲ. ನಮ್ಮ ಶಾಲೆಯ ಮಣಿಚೌಕಟ್ಟಿನಲ್ಲಿ ಎಂಟು ಸೇರಿಸಬೇಕಾದರೆ ಎಂಟು ಮಣಿ ಸರಿಸಬಹುದು. ಸೊರೊಬಾನಿನಲ್ಲಿ ಆ ಕಂಬಿಯಲ್ಲಿ ಜಾಗ ಇಲ್ಲದಿದ್ದರೆ ಪಕ್ಕದ ಕಂಬಿಯಲ್ಲಿ ಹತ್ತು ಹಾಕಿ, ಇಲ್ಲಿ ಎರಡು ತೆಗೆಯಬೇಕು. ಮುಂದಿನ ಸಲ ಅವಳು ಹೀಗೆ ಮಾಡುವಾಗ "ಎಂಟು ಸೇರಿಸು ಅಂದರೆ ಎರಡು ಯಾಕೆ ತೆಗೆದೆ?" ಅಂತ ಕೇಳಿ. ತನ್ನ ಮಾತಿನಲ್ಲಿ ಕಾರಣ ಹೇಳಿದರೆ ಫೀಸ್ ಕಟ್ಟಿ. "ಮಿಸ್ ಹೇಳಿದ್ದಾರೆ" ಅಂದರೆ ಒಂದು ವರ್ಷ ತಡೆಯಿರಿ, ಅಷ್ಟರವರೆಗೆ ಮೇಲೆ ಹೇಳಿದ ಪೊರಕೆ ಕಡ್ಡಿ ಸಾಕು.